ಕೆಂಡಣ್ಣನ ಕೆಂಪು ಗೆರೆ

ಕೆಂಡಣ್ಣ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅವರಿಟ್ಟದ್ದು ಬೇರೊಂದಿತ್ತು, ಅದು ಕರೆಂಟ್ ಬಿಲ್ಲಿನ ಮೇಲೆ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಬೀದಿಯಲ್ಲಿ ಯಾರನ್ನು ಕೇಳಿದರೂ ಕೆಂಡಣ್ಣನ ಗ್ಯಾರೇಜಿಗೆ ದಾರಿ ತೋರಿಸುತ್ತಿದ್ದರು. ತೋರಿಸದಿದ್ದರೂ ದನಿ ಹಿಡಿದುಕೊಂಡು ಹೋಗಬಹುದಿತ್ತು. ಕೋಪ ಮೂಗಿನ ತುದಿಯಲ್ಲಿ ಅನ್ನುತ್ತಾರಲ್ಲ, ಇವನದು ಮೂಗಿಗಿಂತ ಮುಂದೆ ಬಂದು ನಿಂತಿರುತ್ತಿತ್ತು. ಆದರೆ ನ್ಯಾಯವಾಗಿ ಒಂದು ಮಾತು ಹೇಳಬೇಕು. ಆ ಕೋಪ ಹೆಂಡತಿಯ ಮೇಲೆ ತಿರುಗಿದ್ದಿಲ್ಲ, ಗಿರಾಕಿಗಳ ಮೇಲೂ ಅಪರೂಪ. ಅದು ಪೂರ್ತಿ ಮೀಸಲಾಗಿದ್ದದ್ದು ಕೆಟ್ಟ ಕೆಲಸಕ್ಕೆ. ಓರೆಯಾಗಿ ಕೂತ ವಾಷರು, ಮೂಲೆ ಸವೆದ ನಟ್ಟು, ಸುತ್ತಿಗೆ ಏಟು ತಿಂದ ಪೈಪು ಕಣ್ಣಿಗೆ ಬಿತ್ತೋ, ಕಾರಿನಡಿಯಿಂದ ಗುಡುಗು ಶುರು.

"ಇದನ್ನ ಬಿಗಿದವನು ಕೈಯಲ್ಲಿ ಬಿಗಿದನೋ ಕಾಲಲ್ಲಿ ಬಿಗಿದನೋ! ಅವನ ಮನೆ ಬಾಗಿಲಾದ್ರೂ ಸರಿಯಾಗಿ ಮುಚ್ಚುತ್ತಾ ಕೇಳಿ!"

ತಗಡಿನ ಶೆಡ್ಡಿನ ಅರ್ಧ ಅವನದು, ಇನ್ನರ್ಧ ಹೆಂಡತಿಯದು. ಅವಳು ಕಾರಿನ ಸೀಟು ಹೊಲಿಯುತ್ತಿದ್ದಳು. ಹೊಲಿಗೆ ಯಂತ್ರದ ಸದ್ದು ಅವನ ಬೈಗುಳಕ್ಕೆ ತಾಳ ಹಾಕಿದಂತೆ ಇಪ್ಪತ್ತೆರಡು ವರ್ಷ ನಡೆದುಕೊಂಡು ಬಂದಿತ್ತು. ನಡುವಿನ ಗೋಡೆಯ ಮೇಲೆ ಅವನೇ ಬಣ್ಣದಲ್ಲಿ ಬರೆದು ತೂಗುಹಾಕಿದ ಹಲಗೆ: 'ಇಲ್ಲಿ ಒಮ್ಮೆ ಮಾಡಿದ ಕೆಲಸವನ್ನು ಎರಡನೇ ಸಲ ಮಾಡುವ ಪ್ರಮೇಯವಿಲ್ಲ.' ಹೆಂಡತಿ ಅದನ್ನು ಒರೆಸುವಾಗೆಲ್ಲ, "ಪ್ರಮೇಯ ಬರೋವರೆಗೆ ಯಾರಿಗೂ ಬಂದಿರಲ್ಲ" ಎನ್ನುತ್ತಿದ್ದಳು. ಅವನು ಕೇಳಿಸಿಕೊಂಡಂತೆ ಇರುತ್ತಿರಲಿಲ್ಲ.

ಹಲಗೆಗಿಂತ ದೊಡ್ಡ ಹೆಮ್ಮೆ ಇನ್ನೊಂದಿತ್ತು. ಮದುವೆಯಾದ ಹೊಸದರಲ್ಲಿ ಅವನು ಹೆಂಡತಿಗೆ ಒಂದು ಕೆಂಪು ನೇಲ್ ಪಾಲಿಶ್ ತಂದುಕೊಟ್ಟಿದ್ದ. ದಿನವಿಡೀ ಸೂಜಿ, ದಾರ, ಅಂಟು ಹಿಡಿಯುವ ಬೆರಳಿಗೆ ಅದು ಎರಡು ದಿನವೂ ನಿಲ್ಲಲಿಲ್ಲ. ಸೀಸೆ ದಂಡವಾಯಿತಲ್ಲ ಎಂದು ಅವನು ಅದನ್ನು ಗ್ಯಾರೇಜಿಗೆ ತಂದ. ಅಂದಿನಿಂದ, ಯಾವ ನಟ್ಟನ್ನು ಕೊನೆಯ ಬಿಗಿ ಬಿಗಿದರೂ ನಟ್ಟಿನ ಮೇಲೂ ಬೋಲ್ಟಿನ ಮೇಲೂ ಹಾಯುವಂತೆ ಒಂದು ಕೆಂಪು ಗೆರೆ. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಎರಡಾಗುತ್ತದೆ. ಗೆರೆ ಕೂಡಿದ್ದರೆ ಅವನ ಕೈ ಬಿಟ್ಟ ಮೇಲೆ ಬೇರೆ ಕೈ ತಾಗಿಲ್ಲ ಎಂದೇ ಅರ್ಥ. ತಿಂಗಳಿಗೊಂದು ಸೀಸೆ ಕೊಳ್ಳುವ ಅವನನ್ನು ಅಂಗಡಿಯವಳು, ಮನೆಯಲ್ಲಿ ಎಷ್ಟು ಹೆಣ್ಣುಮಕ್ಕಳು ಎಂದು ಕೇಳಿದ್ದಳಂತೆ. "ಊರಿನ ಕಾರುಗಳಿಗೆಲ್ಲ ಉಗುರು ಬಣ್ಣ ಹಚ್ಚಿದ್ದೀರಿ, ನನ್ನ ಕೈ ನೋಡಿ" ಎಂದು ಹೆಂಡತಿ ಕೈ ಚಾಚಿದರೆ ಅವನಿಗೆ ನಗು ಬರುತ್ತಿತ್ತು. ಅವನನ್ನು ನಗಿಸಬಲ್ಲ ಮಾತು ಅದೊಂದೇ ಇತ್ತು.

ಇಂಥವನ ಗ್ಯಾರೇಜಿಗೆ ಒಂದು ಸಂಜೆ ಹಲ್ಲಿನ ಡಾಕ್ಟರಮ್ಮ ಬಂದರು. ಅವರದು ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತೆ ಓಡುವ ನೀಲಿ ಸ್ಪೋರ್ಟ್ಸ್ ಕಾರು. ಹನ್ನೊಂದು ವರ್ಷ ಹಳೆಯದಾದರೂ ಹೊಸ ಚಪ್ಪಲಿಯಷ್ಟು ಜೋಪಾನ. ಮೂರು ತಿಂಗಳ ಹಿಂದೆ ಅದರ ಹಿಂದಿನ ಷಾಕ್ ಅಬ್ಸಾರ್ಬರ್ ಎರಡನ್ನೂ ಬದಲಾಯಿಸಿದ್ದು ಕೆಂಡಣ್ಣನೇ. ಡಾಕ್ಟರಮ್ಮ ಕಾರಿನಿಂದಿಳಿದು ಒಂದು ಕಾಗದ ಚಾಚಿದರು. ಬೀದಿಯ ಕೊನೆಯಲ್ಲಿ ಗಾಜಿನ ಗೋಡೆ ಕಟ್ಟಿಕೊಂಡು ಕೂತಿದ್ದ ಸರ್ವಿಸ್ ಸೆಂಟರಿನ ಕಾಗದ ಅದು.

"ಬೆಳಿಗ್ಗೆ ಸೇತುವೆ ತಿರುವಿನಲ್ಲಿ ಹಿಂದುಗಡೆ ಫಟ್ ಅಂತು ಕೆಂಡಣ್ಣ. ಗಾಡಿ ಪೂರ್ತಿ ಒಂದು ಕಡೆಗೆ ವಾಲಿಬಿಡ್ತು. ಪಕ್ಕದ ಲಾರಿಗೆ ತಾಗಲಿಲ್ಲ, ಅಷ್ಟೇ. ಹತ್ತಿರ ಇದ್ದದ್ದು ಅವರೇ ಅಂತ ಅಲ್ಲಿಗೆ ಹೋದೆ. ಅವರು ಎತ್ತಿ ನೋಡಿ ಇದನ್ನ ಬರೆದುಕೊಟ್ಟರು."

ಕಾಗದದಲ್ಲಿ ಹೀಗಿತ್ತು: 'ಹಿಂದಿನ ಸ್ವೇ ಬಾರ್ ತುಂಡಾಗಿದೆ. ಕಾರಣ: ಹೊರಗಿನ ಗ್ಯಾರೇಜಿನ ತಪ್ಪು ಜೋಡಣೆ.'

ಸ್ವೇ ಬಾರ್ ಎಂದರೆ ಮತ್ತೇನಲ್ಲ, ಹಿಂದಿನ ಎರಡು ಚಕ್ರಗಳ ನಡುವೆ ಅಡ್ಡ ಹಾಯುವ, ಹೆಬ್ಬೆರಳು ದಪ್ಪದ ಉಕ್ಕಿನ ಸರಳು. ತಿರುವಿನಲ್ಲಿ ಕಾರು ಒಂದು ಬದಿಗೆ ವಾಲಹೊರಟರೆ ಆ ಸರಳು ತಾನು ತಿರುಚಿಕೊಂಡು ಕಾರನ್ನು ಎಳೆದು ನಿಲ್ಲಿಸುತ್ತದೆ. ಸಾಧು ಕಾರುಗಳು ಅದಿಲ್ಲದೆಯೂ ಹೇಗೋ ಬದುಕಿಕೊಳ್ಳುತ್ತವೆ. ಇಂಥ ಕಾರಿಗೆ ಅದೇ ಬೆನ್ನುಮೂಳೆ. ಷಾಕ್ ಅಬ್ಸಾರ್ಬರ್ ಬದಲಾಯಿಸುವಾಗ ಕೆಂಡಣ್ಣ ಅದನ್ನೂ ಬಿಚ್ಚಿ ಮತ್ತೆ ಜೋಡಿಸಿದ್ದ.

ಕೆಂಡಣ್ಣ ಕಾಗದವನ್ನು ಎರಡು ಸಲ ಓದಿದ.

"ತಪ್ಪು ಜೋಡಣೆ! ನನ್ನದು! ಆ ಗಾಜಿನ ಮನೆಯಲ್ಲಿ ಕೂತು ಪೆನ್ನು ಹಿಡಿಯೋರು ನನಗೆ ಜೋಡಣೆ ಹೇಳ್ಕೊಡ್ತಾರಾ? ಡಾಕ್ಟ್ರೇ, ಹೋದ ವಾರ ಟೈರು ಹಾಕಿಸಿದ್ದು ಎಲ್ಲಿ?"

"ಅಲ್ಲೇ."

"ಹಾಗನ್ನಿ! ಅವರೇ ಅಲ್ಲಿ ಕೈ ಹಾಕಿದ್ದಾರೆ, ಅವರೇ ಮುರಿದಿದ್ದಾರೆ, ಈಗ ನನ್ನ ತಲೆಗೆ ಕಟ್ತಿದ್ದಾರೆ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ!"

ಡಾಕ್ಟರಮ್ಮ ಸಮಾಧಾನದ ಹೆಂಗಸು. ಹೊಸ ಸರಳನ್ನು ತರಿಸಲು ಆಗಲೇ ಹೇಳಿದ್ದೇನೆ, ಅದನ್ನು ಸರ್ವಿಸ್ ಸೆಂಟರಿನವರೇ ಹಾಕಿಕೊಡುತ್ತಾರೆ, ಆದರೆ ನಿಮ್ಮನ್ನು ಒಂದು ಮಾತು ಕೇಳದೆ ಹಾಕಿಸಲು ಮನಸ್ಸಾಗಲಿಲ್ಲ ಎಂದರು. ಆ ಸೌಜನ್ಯವೇ ಅವನನ್ನು ಇನ್ನಷ್ಟು ಉರಿಸಿತು. ಬೈದಿದ್ದರೆ ವಾಪಸು ಬೈಯಬಹುದಿತ್ತು. ಕನಿಕರಕ್ಕೆ ಏನು ಉತ್ತರ ಕೊಡುವುದು?

"ಸರಳು ಇಲ್ಲಿಗೇ ಬರಲಿ. ಹಾಕೋನು ನಾನೇ. ನೀವೂ ಬನ್ನಿ, ಆ ಕಾಗದ ಬರೆದ ಮ್ಯಾನೇಜರನ್ನೂ ಕರ್ಕೊಂಡು ಬನ್ನಿ. ಎಲ್ಲರ ಕಣ್ಣೆದುರಿಗೆ ನನ್ನ ಗೆರೆ ನೋಡೋಣ. ಗೆರೆ ಮುರಿದಿದ್ದರೆ ಅವರು ಕೈ ಹಾಕಿದ್ದು ಸಾಬೀತು. ಗೆರೆ ಕೂಡಿದ್ದರೆ..." ಅವನು ಗೋಡೆಯ ಕಡೆ ಕೈ ಚಾಚಿದ. "ಗೆರೆ ಕೂಡಿದ್ದರೆ ತಪ್ಪು ನನ್ನದು. ಆ ಹಲಗೆ ಇಳಿಸಿ ಒಲೆಗೆ ಹಾಕ್ತೀನಿ!"

ಹೊಲಿಗೆ ಯಂತ್ರ ನಿಂತಿತು. "ರೀ, ಮಾತು ಬಿಟ್ಟರೆ ವಾಪಸು ಬರಲ್ಲ" ಎಂದಳು ಹೆಂಡತಿ.

"ಬರೋದು ಬೇಡ!"

ಹೊಸ ಸರಳು ಬರುವ ನಾಲ್ಕು ದಿನ ಬೀದಿಗೆ ಬೇರೆ ಸುದ್ದಿ ಇರಲಿಲ್ಲ. ಚಹಾ ಅಂಗಡಿಯವನು ಬಂದವರಿಗೆಲ್ಲ ಚಹಾದ ಜೊತೆ ಇದನ್ನೂ ಬಡಿಸಿದ. ಕೆಂಡಣ್ಣ ಊಟಕ್ಕೆ ಕೂತರೂ ಅದೇ, ಏಳುವಾಗಲೂ ಅದೇ. ಬಾಯಿಗಿಟ್ಟ ತುತ್ತನ್ನೇ ಕಾಗದ ಬರೆದವನೆಂದು ತಿಳಿದು ಅಗಿಯುವಂತೆ ಅಗಿಯುತ್ತಿದ್ದ. ಬಡವನ ಕೋಪ ದವಡೆಗೆ ಮೂಲ ಎಂದು ಹೆಂಡತಿ ನೆನಪಿಸಿದಳು, ಮುರಿದರೆ ಡಾಕ್ಟರಮ್ಮ ಹೇಗೂ ಪರಿಚಯದವರೇ ಎಂದೂ ಸೇರಿಸಿದಳು. ಅವನು ನಗಲಿಲ್ಲ.

ಯಾಕೆ ನಗಬೇಕು? ಹದಿನಾಲ್ಕನೇ ವಯಸ್ಸಿಗೆ ಪಾನಾ ಹಿಡಿದವನು. ಅವನ ಗುರು ಅಕ್ಷರ ಬಾರದ ಮುದುಕ, ಆದರೆ ತಪ್ಪು ಬಿಗಿದರೆ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದ. ಅವನಿಂದ ಕಲಿತ ಪಾಠಗಳಲ್ಲಿ ಎರಡನ್ನು ಕೆಂಡಣ್ಣ ಕಂಡ ಕಂಡವರಿಗೆಲ್ಲ ಹೇಳುತ್ತಿದ್ದ. ಸ್ಪ್ರಿಂಗ್ ಉಕ್ಕಿಗೆ ಗೀರು ಬೀಳಿಸಬೇಡ, ಗೀರಿನಿಂದಲೇ ಬಿರುಕು ಹುಟ್ಟುತ್ತದೆ. ಅಡ್ಡ ಸರಳನ್ನು ಜೋಡಿಸುವಾಗ ಎರಡೂ ಚಕ್ರ ಒಂದೇ ಮಟ್ಟದಲ್ಲಿರಲಿ. ಒಂದು ನೆಲದಲ್ಲಿ ಇನ್ನೊಂದು ಗಾಳಿಯಲ್ಲಿ ಇದ್ದರೆ ಸರಳು ತಿರುಚಿಕೊಂಡು ತೂತಿಗೆ ತೂತು ಕೂಡುವುದಿಲ್ಲ. ಇದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವವನಿಗೆ 'ತಪ್ಪು ಜೋಡಣೆ' ಎಂದು ಬರೆದುಕೊಡುವುದೇ?

ಐದನೆಯ ದಿನ ಬೆಳಿಗ್ಗೆ ಎಲ್ಲರೂ ಸೇರಿದರು. ಡಾಕ್ಟರಮ್ಮ ಉದ್ದನೆಯ ಪೆಟ್ಟಿಗೆಯಲ್ಲಿ ಹೊಸ ಸರಳು ತಂದಿದ್ದರು. ಇಸ್ತ್ರಿ ಶರ್ಟಿನ ಮ್ಯಾನೇಜರು ಎಣ್ಣೆ ತಾಗದ ಜಾಗ ಹುಡುಕಿ ನಿಂತ. ಚಹಾ ಅಂಗಡಿಯವನು ಅಂಗಡಿಯನ್ನು ದೇವರ ಮೇಲೆ ಬಿಟ್ಟು ಬಂದಿದ್ದ. ಕೆಂಡಣ್ಣ ಹಿಂದಿನ ಎರಡು ಚಕ್ರಗಳನ್ನೂ ಎತ್ತಿ, ಎರಡು ಕಡೆಯೂ ಸಮಕ್ಕೆ ಸ್ಟ್ಯಾಂಡು ಕೊಟ್ಟು, ಟಾರ್ಚನ್ನು ಮ್ಯಾನೇಜರಿನ ಕೈಗಿಟ್ಟ.

"ನೀವೇ ಹಿಡೀರಿ ಸ್ವಾಮಿ. ಆಮೇಲೆ ಕತ್ತಲಿತ್ತು ಅನ್ನಬೇಡಿ."

ಅವನು ಮೊದಲು ಎಡಗಡೆಯ ಲಿಂಕ್ ನೋಡಿದ. ಸರಳಿನ ತುದಿಯನ್ನು ಚಕ್ರದ ಕಡೆಗೆ ಹಿಡಿದಿರುವ ಗಿಡ್ಡ ಕೊಂಡಿ ಅದು. ಧೂಳು ಒರೆಸಿದ. ಕೆಂಪು ಗೆರೆ ನಟ್ಟಿನಿಂದ ಬೋಲ್ಟಿಗೆ ಒಂದೇ ಸಮನೆ ಹಾದಿತ್ತು. ಬಲಗಡೆಗೆ ಹೋದ. ಒರೆಸಿದ. ಅಲ್ಲೂ ಕೂಡಿತ್ತು. ನಡುವಿನ ಎರಡು ಕ್ಲಾಂಪುಗಳನ್ನೂ ನೋಡಿದ. ನಾಲ್ಕು ಬೋಲ್ಟು, ನಾಲ್ಕು ಗೆರೆ, ನಿನ್ನೆ ಎಳೆದಂತೆ ಇದ್ದವು.

ಕೆಂಡಣ್ಣನಿಗೆ ಕಿವಿಯವರೆಗೆ ರಕ್ತ ಏರಿತು.

"ಗೆರೆ ಕೂಡಿದೆ. ಹೌದು, ಕೂಡಿದೆ! ಅದರರ್ಥ ನಾನು ಬಿಗಿದದ್ದು ಬಿಗಿಯಾಗೇ ಇದೆ ಅಂತ. ಸರಳೇ ಕಳಪೆ ಆಗಿರಬಹುದಲ್ಲ? ತಯಾರಿಸಿದವನ ತಪ್ಪಾಗಿರಬಹುದಲ್ಲ?"

ನೆಲ ಡೊಂಕಾಗತೊಡಗಿತ್ತು. ಹೆಂಡತಿ ಮಾತ್ರ ಅದನ್ನು ಗಮನಿಸಿದಳು.

ಅವನು ಲಿಂಕ್ ಬಿಚ್ಚಿದ, ಕ್ಲಾಂಪು ಬಿಚ್ಚಿದ, ಸರಳನ್ನು ಅಪ್ಪಿಕೊಂಡಿದ್ದ ರಬ್ಬರ್ ಬುಶ್ ಎಳೆದ, ಸರಳಿನ ಎರಡು ತುಂಡನ್ನೂ ಹೊರತೆಗೆದು ಬೆಂಚಿನ ಮೇಲಿಟ್ಟ. ಮುರಿದ ಬಾಯನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದ. ಒರೆಸಿದವನೇ ಕುಣಿದಾಡುವುದೊಂದು ಬಾಕಿ.

"ಬನ್ನಿ, ನೋಡಿ! ಅರ್ಧ ಭಾಗ ತುಕ್ಕು ಹಿಡಿದು ಕಪ್ಪಾಗಿದೆ, ಅರ್ಧ ಭಾಗ ಹೊಳೀತಿದೆ. ಅಂದ್ರೆ ಬಿರುಕು ಹಳೇದು. ಒಳಗೊಳಗೇ ಬೆಳೆದು ಅವತ್ತು ಸೇತುವೆ ಹತ್ತಿರ ಕೊನೆ ಉಸಿರು ಬಿಟ್ಟಿದೆ. ಇದಕ್ಕೂ ಜೋಡಣೆಗೂ ಏನು ಸಂಬಂಧ? ಬರೀರಿ ಸ್ವಾಮಿ, ಈಗ ಬರೀರಿ ಇನ್ನೊಂದು ಕಾಗದ!"

ಮ್ಯಾನೇಜರು ಬಗ್ಗಿ ನೋಡಿದ. ಅವನೇನು ಕೆಟ್ಟವನಲ್ಲ, ಬೇಗ ಮುಗಿಸಿ ಹೋಗಬೇಕಿತ್ತು. "ಹನ್ನೊಂದು ವರ್ಷದ ಸರಳು. ವಯಸ್ಸಾಗಿದೆ, ಲೋಹ ದಣಿದಿದೆ. ಯಾರ ತಪ್ಪೂ ಅಲ್ಲ ಬಿಡಿ. ನಮ್ಮ ಕಾಗದ ತಿದ್ದಿಕೊಡ್ತೀನಿ" ಎಂದ.

ಗೆದ್ದಾಯಿತು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ಚಹಾ ಅಂಗಡಿಯವನಿಗೆ ಜಗಳ ಇಷ್ಟಕ್ಕೇ ಮುಗಿಯಿತಲ್ಲ ಎಂದು ಬೇಸರವಾಯಿತು. ಕೆಂಡಣ್ಣ ಹಲಗೆಯ ಕಡೆ ನೋಡಿ ಎದೆ ತುಂಬ ಉಸಿರೆಳೆದುಕೊಂಡ.

ಅಷ್ಟರಲ್ಲಿ ಡಾಕ್ಟರಮ್ಮ ಒಂದು ತುಂಡನ್ನು ಬೆಳಕಿಗೆ ಹಿಡಿದಿದ್ದರು. ದಿನವಿಡೀ ಜನರ ಬಾಯಿಯೊಳಗೆ ಬಿರುಕು ಹುಡುಕುವ ಕಣ್ಣು, ಸುಮ್ಮನಿರುತ್ತದೆಯೇ?

"ಇದೇನು ಕೆಂಡಣ್ಣ, ಇಲ್ಲಿ ಏನೋ ಕಚ್ಚಿದ ಗುರುತಿದೆ. ಸಾಲಾಗಿ ಒಂದು, ಎರಡು, ಮೂರು... ನಾಲ್ಕನೇದು ಇಲ್ಲ, ಮತ್ತೆ ಐದು, ಆರು. ಬಿರುಕು ಈ ಮೂರನೇ ಗುರುತಿಂದಾನೇ ಶುರುವಾಗಿದೆ ನೋಡಿ." ಅವರು ನಕ್ಕರು. "ನನ್ನ ಹತ್ತಿರ ಬಂದಿದ್ದರೆ ಆ ನಾಲ್ಕನೇ ಹಲ್ಲು ಕಟ್ಟಿಕೊಡ್ತಿದ್ದೆ."

ಎಲ್ಲರೂ ನಕ್ಕರು. ಕೆಂಡಣ್ಣ ನಗಲಿಲ್ಲ. ಅವನ ಕಣ್ಣು ತಾನಾಗಿಯೇ ಪಾನಾಗಳ ಗೋಡೆಗೆ ಹೋಗಿತ್ತು. ಅಲ್ಲಿ ಮೂರನೇ ಮೊಳೆಗೆ ಗುರುವಿನ ಕಾಲದ ಪೈಪ್ ಪಾನಾ ನೇತಾಡುತ್ತಿತ್ತು. ಅದರ ಬಾಯಿಯ ನಾಲ್ಕನೇ ಹಲ್ಲು ಗುರು ಬದುಕಿದ್ದಾಗಲೇ ಮುರಿದಿತ್ತು.

ಆಗ ಅವನಿಗೆ ಆ ದಿನ ನೆನಪಾಯಿತು. ಒಂದೊಂದಾಗಿ ಅಲ್ಲ, ಒಟ್ಟಿಗೇ. ಮೂರು ತಿಂಗಳ ಹಿಂದೆ, ಇದೇ ಕಾರನ್ನು ಎತ್ತಿ ನಿಲ್ಲಿಸಿದ್ದ ಬೆಳಿಗ್ಗೆ, ಸರ್ವಿಸ್ ಸೆಂಟರಿನವರು ಬೀದಿಗೆ ಅಡ್ಡಲಾಗಿ ಬ್ಯಾನರ್ ಕಟ್ಟಿದ್ದರು: 'ನಿಮ್ಮ ಕಾರು ತರಬೇತಿ ಇಲ್ಲದ ಕೈಗಳಲ್ಲಿದೆಯೇ?' ಅದನ್ನು ಓದಿದಾಗಿನಿಂದ ಅವನ ಮೈಯೆಲ್ಲ ಉರಿ. ಕೈ ಕೆಲಸ ಮಾಡುತ್ತಿತ್ತು, ಬಾಯಿ ಚಹಾ ಅಂಗಡಿಯವನಿಗೆ ಭಾಷಣ ಮಾಡುತ್ತಿತ್ತು: ತರಬೇತಿ ಎಂದರೇನು, ಕೈ ಎಂದರೇನು, ಇವರಪ್ಪಂದಿರು ಹುಟ್ಟುವ ಮೊದಲು ನಾನು ಏನೇನು ಬಿಗಿದಿದ್ದೆ. ಬಲಗಡೆಯ ಜಾಕು ಎಣ್ಣೆ ಸೋರುತ್ತಿತ್ತೆಂದು ಆ ಕಡೆಯ ಚಕ್ರವನ್ನು ಇಳಿಸಿಬಿಟ್ಟಿದ್ದ. ಎಡಗಡೆಯದು ಗಾಳಿಯಲ್ಲಿ. ಸರಳು ತಿರುಚಿಕೊಂಡಿತು, ತೂತಿಗೆ ತೂತು ಕೂಡಲಿಲ್ಲ. ಇನ್ನೊಂದು ಜಾಕು ತರಬೇಕಿತ್ತು. ತರಲು ಹೋದರೆ ಭಾಷಣ ತುಂಡಾಗುತ್ತಿತ್ತು. ಕೈಗೆ ಸಿಕ್ಕ ಪೈಪ್ ಪಾನಾದಿಂದ ಸರಳನ್ನು ಕಚ್ಚಿ ಹಿಡಿದು, ತಿರುಚಿ, ಬೋಲ್ಟು ತೂರಿಸಿ, ಬಿಗಿದು, ಮೇಲೆ ಚೆಂದದ ಕೆಂಪು ಗೆರೆ ಎಳೆದಿದ್ದ.

ಎಳೆಯುವಾಗಲೂ ಬಾಯಿ ನಿಂತಿರಲಿಲ್ಲ.

ಇದು ಅಲ್ಲಿದ್ದವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಚಹಾ ಅಂಗಡಿಯವನು ಅಂದು ಮಾತು ಕೇಳಿದ್ದನೇ ಹೊರತು ಕೈ ನೋಡಿರಲಿಲ್ಲ. ಮ್ಯಾನೇಜರು ಕಾಗದ ತಿದ್ದಲು ಪೆನ್ನು ತೆಗೆದಿದ್ದ. ಡಾಕ್ಟರಮ್ಮ ತುಂಡನ್ನು ಕೆಳಗಿಟ್ಟು ಕೈ ಒರೆಸಿಕೊಳ್ಳುತ್ತಿದ್ದರು. ಸುಮ್ಮನೆ ನಿಂತಿದ್ದರೆ ಸಾಕಿತ್ತು. ಸುಮ್ಮನಿರುವುದು ಎಷ್ಟು ಸುಲಭ ಎನ್ನುವುದು ಅವನಿಗೆ ಜೀವನದಲ್ಲಿ ಮೊದಲ ಸಲ ಗೊತ್ತಾಯಿತು, ಗೊತ್ತಾಗಿ ಹೇಸಿಗೆಯಾಯಿತು.

"ವಯಸ್ಸಂತೆ ವಯಸ್ಸು!" ಎಂದು ಕೂಗಿದ. ಮ್ಯಾನೇಜರಿನ ಪೆನ್ನು ಕೈಜಾರಿತು. "ವಯಸ್ಸು ಹೋಗಿ ಕಬ್ಬಿಣ ಕಚ್ಚುತ್ತಾ? ಯಾರು ಏನು ಹೇಳಿದ್ರೂ ತಲೆ ಆಡಿಸೋದೇನಾ ನಿಮ್ಮ ತರಬೇತಿ? ಕಣ್ಣಿಟ್ಟು ನೋಡಿ ಸ್ವಾಮಿ!"

ಅವನು ಪೈಪ್ ಪಾನಾ ಕಿತ್ತು ತಂದು ಅದರ ಬಾಯನ್ನು ಸರಳಿನ ಗುರುತಿನ ಮೇಲೆ ಕೂರಿಸಿದ. ಹಲ್ಲಿಗೆ ಹಲ್ಲು, ಖಾಲಿಗೆ ಖಾಲಿ, ಕರಾರುವಾಕ್ಕಾಗಿ ಕೂತಿತು.

"ಇದು ನನ್ನ ಪಾನಾ. ಕಚ್ಚಿದ್ದು ನಾನು. ಒಂದು ಚಕ್ರ ಎತ್ತಿ ಒಂದು ಚಕ್ರ ಇಳಿಸಿ, ಗೀರು ಬೀಳಿಸಬಾರದು ಅಂತ ಊರಿಗೆಲ್ಲ ಉಪದೇಶ ಮಾಡಿ, ನಾನೇ ಹಲ್ಲು ಹಾಕಿದೆ. ಮೂರು ತಿಂಗಳು ಆ ಗಾಯ ಇಟ್ಕೊಂಡು ಓಡಿದೆ ಇವರ ಕಾರು. ನಿಮ್ಮ ಕಾಗದ ತಿದ್ದಬೇಡಿ. ಸರಿಯಾಗೇ ಇದೆ."

ಮ್ಯಾನೇಜರು ಬಿದ್ದ ಪೆನ್ನನ್ನು ಎತ್ತಿ ಜೇಬಿಗೆ ಸಿಕ್ಕಿಸಿಕೊಂಡ. ನಿಜ ಹೇಳಬೇಕೆಂದರೆ ಅವನು ಆ ಕಾಗದವನ್ನು ಹಲ್ಲಿನ ಗುರುತು ನೋಡಿ ಬರೆದಿರಲಿಲ್ಲ. ಹೊರಗಿನ ಗ್ಯಾರೇಜು ಎಂದು ಕೇಳಿದ ಕೂಡಲೇ ಬರೆದಿದ್ದ. ಕುರುಡ ಎಸೆದ ಕಲ್ಲು ಗುರಿಗೆ ತಾಗಿತ್ತು.

ಡಾಕ್ಟರಮ್ಮ ಹತ್ತಿರ ಬಂದು, "ಹೋಗಲಿ ಬಿಡಿ ಕೆಂಡಣ್ಣ, ಎಲ್ಲರಿಂದಲೂ ಆಗುತ್ತೆ" ಎಂದರು.

"ಏನು ಹೋಗಲಿ? ಆ ಲಾರಿ ಇನ್ನೊಂದು ಗೇಣು ಈಚೆ ಇದ್ದಿದ್ದರೆ? ಆಗಲೂ ಎಲ್ಲರಿಂದಲೂ ಆಗುತ್ತೆ ಅಂತಿದ್ದರಾ ನಿಮ್ಮ ಮನೆಯವರು? ಇಷ್ಟು ಸುಲಭಕ್ಕೆ ಕ್ಷಮಿಸಬೇಡಿ ಡಾಕ್ಟ್ರೇ, ಕೇಳೋಕೆ ಆಗಲ್ಲ ನನಗೆ!" ಎನ್ನುವಾಗ ಅವನ ದನಿ ಒಡೆದುಹೋಯಿತು. ಕೋಪಕ್ಕೆ ಹೋಗಲು ಬೇರೆ ಮನೆ ಇರಲಿಲ್ಲ; ಹೊರಟಲ್ಲಿಗೇ ವಾಪಸು ಬಂದಿತ್ತು.

ಅವನು ಸ್ಟೂಲು ಎಳೆದು ಹತ್ತಿ ಹಲಗೆ ಇಳಿಸಿದ. ಇಪ್ಪತ್ತೆರಡು ವರ್ಷದ ಹೊಗೆಯ ನಡುವೆ ಗೋಡೆಯಲ್ಲಿ ಒಂದು ಬಿಳಿಯ ಚೌಕ ಉಳಿಯಿತು. ಹಲಗೆಯನ್ನು ಕಂಕುಳಲ್ಲಿ ಹಿಡಿದು ಸುತ್ತ ನೋಡಿದ.

"ಒಲೆಗೆ ಹಾಕ್ತೀನಿ ಅಂದಿದ್ದಿರಿ. ನಮ್ಮ ಮನೇಲಿರೋದು ಗ್ಯಾಸು" ಎಂದಳು ಹೆಂಡತಿ. "ಇಲ್ಲಿ ಕೊಡಿ. ಸೀಟು ಕತ್ತರಿಸೋಕೆ ನನಗೊಂದು ಹಲಗೆ ಬೇಕಿತ್ತು."

ಅವನು ಕೊಟ್ಟ. ಅವಳು ಅದನ್ನು ಬೋರಲು ಹಾಕಿ ತನ್ನ ಮೇಜಿನ ಮೇಲಿಟ್ಟುಕೊಂಡಳು.

ಆಮೇಲೆ ಕೆಲಸ. ಕೆಂಡಣ್ಣ ಅಷ್ಟು ಮೌನವಾಗಿ ಕೆಲಸ ಮಾಡಿದ್ದನ್ನು ಆ ಬೀದಿ ಕಂಡಿರಲಿಲ್ಲ. ಹೊಸ ಬುಶ್‌ಗಳಿಗೆ ಗ್ರೀಸ್ ಸವರಿ ಸರಳಿಗೆ ತೊಡಿಸಿದ, ಸರಳನ್ನು ಕಾರಿನಡಿ ತೂರಿಸಿದ, ಕ್ಲಾಂಪುಗಳನ್ನು ಸಡಿಲವಾಗಿ ಕೂರಿಸಿದ. ಎರಡೂ ಚಕ್ರ ಸಮನಾಗಿದ್ದುದರಿಂದ ಲಿಂಕ್‌ಗಳ ತೂತು ತಾವಾಗಿಯೇ ಕೂಡಿದವು, ಬೋಲ್ಟು ಬೆರಳಿನಿಂದ ದೂಡಿದರೆ ಒಳಗೆ ಹೋಯಿತು. ಅಷ್ಟು ಸುಲಭದ ಕೆಲಸ ಅದು. ಕಾರನ್ನು ಸ್ಟ್ಯಾಂಡಿನಿಂದ ಇಳಿಸಿ, ಕೆಳಗಿಳಿದು ಕೆಲಸ ಮಾಡುವ ಗುಂಡಿಯ ಮೇಲೆ ತಳ್ಳಿ ನಿಲ್ಲಿಸಿದ. ಕಾರಿನ ಪೂರ್ತಿ ಭಾರ ಚಕ್ರಗಳ ಮೇಲೆ ಕೂತಾದ ಮೇಲೆ ಗುಂಡಿಗಿಳಿದು ಒಂದೊಂದನ್ನೇ ಕೊನೆಯ ಬಿಗಿ ಬಿಗಿದ.

ಬಿಗಿದಾದ ಮೇಲೆ ಅಭ್ಯಾಸದಂತೆ ಜೇಬಿನಿಂದ ಸೀಸೆ ತೆಗೆದ. ಮುಚ್ಚಳ ತಿರುಗಿಸಿದವನು ಹಾಗೇ ನಿಂತ. ಗುಂಡಿಯಿಂದ ತಲೆ ಹೊರಹಾಕಿ, "ಇವಳೇ, ಸ್ವಲ್ಪ ಬಾ ಇಲ್ಲಿ" ಎಂದ.

"ಏನು?"

"ಗೆರೆ ನೀನು ಎಳಿ."

"ನಾನ್ಯಾಕೆ?"

"ಬಿಗಿದೋನು ನಾನು. ನಾನೇ ಎಳ್ಕೊಂಡರೆ, ಪರೀಕ್ಷೆ ಬರೆದೋನೇ ಅಂಕ ಹಾಕ್ಕೊಂಡ ಹಾಗೆ. ಇಷ್ಟು ವರ್ಷ ಅದನ್ನೇ ಮಾಡಿದ್ದು. ನೀನು ಒಂದೊಂದಕ್ಕೂ ಪಾನಾ ಹಾಕಿ ನೋಡು. ಸರಿ ಇದ್ದರೆ ಮಾತ್ರ ಎಳಿ."

ಅವಳು ಸೆರಗು ಸಿಕ್ಕಿಸಿಕೊಂಡು ಗುಂಡಿಗಿಳಿದಳು. ಅವನು ಮೇಲೆ ಬಂದು ಡಾಕ್ಟರಮ್ಮನ ಪಕ್ಕದಲ್ಲಿ, ಪರೀಕ್ಷೆಯ ಫಲಿತಾಂಶಕ್ಕೆ ಬಂದವನಂತೆ ಕೈಕಟ್ಟಿ ನಿಂತ. ಕೆಳಗಿನಿಂದ ಪಾನಾದ ಸದ್ದು ಬಂತು. ಒಂದು ನೋಡಿದಳು, ಗೆರೆ ಎಳೆದಳು. ಎರಡು. ಮೂರು. ನಾಲ್ಕು. ಐದಕ್ಕೆ ಸದ್ದು ನಿಂತಿತು.

"ರೀ, ಈ ಬಲಗಡೆ ಲಿಂಕಿನ ನಟ್ಟು ಇನ್ನೂ ಬರುತ್ತೆ."

"ಏನು ಬರುತ್ತೆ?" ಕೆಂಡಣ್ಣನ ಕತ್ತಿನ ನರ ಉಬ್ಬಿತು. "ನಾನು ಬಿಗಿದದ್ದು ಇನ್ನೂ ಬರುತ್ತಾ? ಮೂವತ್ತೈದು ವರ್ಷದಿಂದ ಈ ಕೈಯಲ್ಲಿ..."

ಗೋಡೆಯ ಬಿಳಿ ಚೌಕ ಕಣ್ಣಿಗೆ ಬಿತ್ತು. ಮಾತನ್ನು ಅಲ್ಲೇ ನುಂಗಿದ. ದೊಡ್ಡ ಪಾನಾ ಎತ್ತಿಕೊಂಡು ಗುಂಡಿಗಿಳಿದು ಆ ನಟ್ಟಿಗೆ ಕೊಟ್ಟು ಒತ್ತಿದ. ಕಾಲು ಸುತ್ತು ಬಂತು.

ಅವನು ಪಾನಾ ತೆಗೆದು ಪಕ್ಕಕ್ಕೆ ಸರಿದ. ಅವಳು ಅವನ ಕೈಯನ್ನು ನಂಬದೆ ತನ್ನ ಪಾನಾ ಹಾಕಿ ಇನ್ನೊಮ್ಮೆ ಎಳೆದು ನೋಡಿದಳು. ಆಮೇಲೆ ಗೆರೆ ಹಾಕಿದಳು.